ಬಲಕ್ಕೆ ಓಡುವ ಚೆಂಡು: ಗಾಲ್ಫ್‌ನಲ್ಲಿ ಸ್ಲೈಸ್ ಬಿಡಿಸಿಕೊಳ್ಳುವ ದಾರಿ

ಸ್ಲೈಸ್ (ಬಲಕ್ಕೆ ಬಾಗಿ ಓಡುವ ಹೊಡೆತ) ಹೊಡೆಯುವವರನ್ನು ಗುರುತಿಸೋಕೆ ಚೆಂಡು ಹೋಗುವ ತನಕ ಕಾಯಬೇಕಾಗಿಲ್ಲ, ಅವರು ನಿಂತಿರುವ ರೀತಿ ನೋಡಿದರೆ ಸಾಕು. ಪಾದಗಳ ಗೆರೆ, ಭುಜ ಎಲ್ಲವೂ ಫೇರ್‌ವೇಯ, ಅಂದರೆ ಚೆಂಡು ಬೀಳಬೇಕಾದ ಹುಲ್ಲಿನ ಪಟ್ಟಿಯ, ಎಡಗಡೆ ಮರಗಳ ಕಡೆ ತಿರುಗಿರುತ್ತವೆ. "ಹೇಗಿದ್ರೂ ಬಲಕ್ಕೆ ಬಾಗುತ್ತೆ, ಸ್ವಲ್ಪ ಎಡಕ್ಕೆ ನಿಂತ್ಕೊಳ್ಳೋಣ" ಅನ್ನುವ ಲೆಕ್ಕ ಅದು. ಆ ಲೆಕ್ಕವೇ ಸ್ಲೈಸನ್ನು ಸಾಕಿ ಬೆಳೆಸುತ್ತದೆ. ಎಡಕ್ಕೆ ನಿಂತಷ್ಟೂ ಕ್ಲಬ್ (ಚೆಂಡು ಹೊಡೆಯುವ ಕೋಲು) ಹೊರಗಿನಿಂದ ಒಳಕ್ಕೆ, ಅಂದರೆ ಚೆಂಡಿನ ಆಚೆಯಿಂದ ನಮ್ಮ ಮೈ ಕಡೆಗೆ, ಕೊಯ್ದುಕೊಂಡು ಬರುತ್ತದೆ. ಚೆಂಡು ಇನ್ನೂ ಜಾಸ್ತಿ ಬಾಗುತ್ತದೆ. ಮುಂದಿನ ಸಲ ಮತ್ತೊಂಚೂರು ಎಡಕ್ಕೆ ನಿಲ್ಲುತ್ತೇವೆ. ಹೀಗೇ ವರ್ಷಗಳು ಕಳೆದುಹೋಗುತ್ತವೆ.

ನಾನು ಮಂಡ್ಯದವನು. ಗಾಲ್ಫ್ ಆಡಬೇಕು ಅಂದರೆ ನಮಗೆ ಮೈಸೂರೇ ಗತಿ, ಹತ್ತಿರ ಹತ್ತಿರ 45 ಕಿ.ಮೀ. ಭಾನುವಾರ ಬೆಳಕು ಹರಿಯುವ ಮುಂಚೆ ಹೊರಟರೆ ಚಾಮುಂಡಿ ಬೆಟ್ಟದ ತಪ್ಪಲಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ ತಲುಪುವ ಹೊತ್ತಿಗೆ ಬೆಟ್ಟದ ಮೇಲೆ ಇನ್ನೂ ಮಂಜು ಇರುತ್ತದೆ. ಅಷ್ಟು ದೂರ ಹೋಗಿ, ಅಷ್ಟು ಚೆಂದದ ಜಾಗದಲ್ಲಿ ನಿಂತು, ಹೊಡೆದ ಡ್ರೈವ್‌ಗಳಲ್ಲಿ (ದೂರದ ಮೊದಲ ಹೊಡೆತಗಳು) ಅರ್ಧಕ್ಕರ್ಧ ಬಲಗಡೆ ಗಿಡಗಳ ಒಳಗೆ ಹುಡುಕುತ್ತಾ ಎರಡು ವರ್ಷ ಕಳೆದಿದ್ದೇನೆ. ಆ ಸಂಕಟ ಗೊತ್ತಿರುವುದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಸ್ಲೈಸ್ ಹೋಗುತ್ತದೆ. ಆದರೆ ಸರಿಯಾದ ಕ್ರಮದಲ್ಲಿ ಹೋಗಬೇಕು. ಮೊದಲು ಫೇಸ್ (ಕ್ಲಬ್‌ನ ಚೆಂಡಿಗೆ ತಾಗುವ ಮುಖ), ಆಮೇಲೆ ಕ್ಲಬ್ ಬರುವ ದಾರಿ. ಬಹಳ ಜನ ಇದನ್ನು ಉಲ್ಟಾ ಮಾಡಿ ಸೋಲುತ್ತಾರೆ.

ಇಲ್ಲಿ ಹೇಳುವುದೆಲ್ಲ ಬಲಗೈ ಆಟಗಾರರಿಗೆ. ಎಡಗೈಯವರು ಎಡ-ಬಲ ಅದಲು ಬದಲು ಮಾಡಿಕೊಂಡು ಓದಿ.

ಚೆಂಡು ಯಾಕೆ ಬಾಗುತ್ತದೆ?

ಇದನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಹಾಗಾಗಿ ಸ್ವಲ್ಪ ತಾಳ್ಮೆ ಇರಲಿ.

ಹೊಡೆದ ಗಾಲ್ಫ್ ಚೆಂಡು ಹಿಮ್ಮುಖವಾಗಿ ತಿರುಗುತ್ತಾ ಹೋಗುತ್ತದೆ. ಚೆಂಡಿನ ನಡುವೆ ಎಡದಿಂದ ಬಲಕ್ಕೆ ಒಂದು ಕಡ್ಡಿ ಚುಚ್ಚಿದೆ, ಆ ಕಡ್ಡಿಯ ಸುತ್ತ ಚೆಂಡು ತಿರುಗುತ್ತಿದೆ ಅಂದುಕೊಳ್ಳಿ. ಕಡ್ಡಿ ಮಟ್ಟಸವಾಗಿದ್ದರೆ ಚೆಂಡು ನೆಟ್ಟಗೆ ಹೋಗುತ್ತದೆ. ಕಡ್ಡಿಯ ಬಲತುದಿ ಕೆಳಕ್ಕೆ ವಾಲಿದರೆ ಚೆಂಡು ಬಲಕ್ಕೆ ಸರಿಯುತ್ತದೆ. ವಾಲಿದಷ್ಟೂ ಬಾಗು ಜಾಸ್ತಿ. ಸ್ಪಿನ್ ಬೌಲರ್ ಎಸೆದ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ತೇಲುವುದನ್ನು ನೋಡಿದ್ದೀರಲ್ವಾ? ಅದೇ ಕೆಲಸ ಇಲ್ಲೂ ನಡೆಯುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮ ಅಂತ ಹೆಸರು.

ಕಡ್ಡಿ ವಾಲುವುದು ಎರಡು ಸಂಗತಿಗಳ ನಡುವಿನ ಜಗಳದಿಂದ. ಒಂದು, ಚೆಂಡಿಗೆ ತಾಗುವ ಕ್ಷಣದಲ್ಲಿ ಫೇಸ್ ಯಾವ ಕಡೆ ನೋಡುತ್ತಿದೆ ಅನ್ನುವುದು. ಇನ್ನೊಂದು, ಆ ಕ್ಷಣದಲ್ಲಿ ಕ್ಲಬ್ ಯಾವ ಕಡೆ ಸಾಗುತ್ತಿದೆ ಅನ್ನುವುದು. ಕ್ಲಬ್ ಸಾಗುವ ದಾರಿಗಿಂತ ಫೇಸ್ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಅಷ್ಟೇ. ತಲೆ ಎತ್ತಿದ್ದು, ಮೊಣಕಾಲು ಬಗ್ಗಿದ್ದು, ನಿದ್ದೆ ಕಡಿಮೆಯಾದದ್ದು ಇವೆಲ್ಲ ಆಮೇಲಿನ ಮಾತು.

ಹಿಂದೆ ಕೋಚ್‌ಗಳು ಚೆಂಡು ಹೊರಡುವುದು ಕ್ಲಬ್ ಸಾಗಿದ ದಿಕ್ಕಿಗೆ, ಕೊನೆಗೆ ಹೋಗುವುದು ಫೇಸ್ ನೋಡುವ ದಿಕ್ಕಿಗೆ ಅಂತ ಕಲಿಸುತ್ತಿದ್ದರು. ಚೆಂಡಿನ ಹಾರಾಟ ಅಳೆಯುವ ರಾಡಾರ್ ಯಂತ್ರಗಳು ಬಂದ ಮೇಲೆ ಅದು ತಪ್ಪು ಅಂತ ಗೊತ್ತಾಯಿತು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ಫೇಸೇ ತೀರ್ಮಾನಿಸುತ್ತದೆ. ಡ್ರೈವರ್‌ನಲ್ಲಿ (ಅತಿ ದೂರ ಹೊಡೆಯುವ ಕ್ಲಬ್) ಸುಮಾರು ನೂರಕ್ಕೆ 85 ಪಾಲು, ಐರನ್‌ಗಳಲ್ಲಿ (ಲೋಹದ ತೆಳು ತಲೆಯ ಕ್ಲಬ್‌ಗಳು) ಸುಮಾರು 75 ಪಾಲು ಅದರದೇ. ಚೆಂಡು ಫೇಸ್‌ಗೆ ಅಂಟಿಕೊಂಡಿರುವುದು ಒಂದು ಸೆಕೆಂಡಿನ 2000 ಪಾಲಿನಲ್ಲಿ ಒಂದು ಪಾಲು ಮಾತ್ರ. ಆ ಹೊತ್ತಿನಲ್ಲಿ ಕೈ ತಿರುಗಿಸಿ ಸರಿಮಾಡುತ್ತೇನೆ ಅನ್ನುವುದು ಯಾರಿಂದಲೂ ಆಗದ ಮಾತು. ಏನು ಸರಿಮಾಡಿದರೂ ಅದಕ್ಕಿಂತ ಮುಂಚೆಯೇ ಮಾಡಿರಬೇಕು.

ವೆಡ್ಜ್ (ಹತ್ತಿರದ, ಎತ್ತರದ ಹೊಡೆತದ ಕ್ಲಬ್) ನೆಟ್ಟಗೆ ಹೋಗುತ್ತದೆ, ಡ್ರೈವರ್ ಮಾತ್ರ ಬಾಗುತ್ತದೆ ಅಂತ ಎಷ್ಟೋ ಜನ ಡ್ರೈವರನ್ನೇ ಬೈಯುತ್ತಾರೆ. ತಪ್ಪು ಎರಡರಲ್ಲೂ ಒಂದೇ ಇರುತ್ತದೆ. ವೆಡ್ಜ್‌ನ ಫೇಸ್ ಮೇಲಕ್ಕೆ ವಾಲಿರುವುದರಿಂದ ಹಿಮ್ಮುಖ ತಿರುಗು ಜೋರಾಗಿರುತ್ತದೆ, ಕಡ್ಡಿ ಅಷ್ಟಾಗಿ ವಾಲುವುದಿಲ್ಲ. ಫೇಸ್ ಬರೀ 9 ಅಥವಾ 10 ಡಿಗ್ರಿ ವಾಲಿರುವ ಡ್ರೈವರ್‌ನಲ್ಲಿ ಅದೇ ತಪ್ಪಿಗೆ ಕಡ್ಡಿ ಬಹಳ ಜಾಸ್ತಿ ವಾಲುತ್ತದೆ. ಡ್ರೈವರ್ ನಿಮ್ಮ ತಪ್ಪನ್ನು ದೊಡ್ಡದು ಮಾಡಿ ತೋರಿಸುತ್ತಿದೆ, ಅಷ್ಟೇ.

ಮೊದಲು ನಿಮ್ಮ ಚೆಂಡನ್ನು ಓದಿ

ರೇಂಜ್‌ಗೆ (ಅಭ್ಯಾಸದ ಮೈದಾನ) ಹೋಗಿ. ಏನೂ ಬದಲಿಸದೆ ಹತ್ತು ಡ್ರೈವ್ ಹೊಡೆಯಿರಿ. ಪ್ರತಿ ಸಲ ಚೆಂಡು ಹೊರಟದ್ದು ಎಲ್ಲಿಗೆ, ಬಿದ್ದದ್ದು ಎಲ್ಲಿಗೆ ಅಂತ ಬರೆದುಕೊಳ್ಳಿ. ಹೊರಟ ದಿಕ್ಕು ನೋಡುವುದನ್ನು ನಾವು ಮರೆಯುತ್ತೇವೆ, ಬಿದ್ದ ಜಾಗದ ಮೇಲೇ ಕಣ್ಣು. ಸಾಧ್ಯವಾದರೆ ಹಿಂದೆ ಒಬ್ಬರನ್ನು ನಿಲ್ಲಿಸಿಕೊಳ್ಳಿ.

ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ಕ್ಲಬ್ ಹೊರಗಿನಿಂದ ಒಳಕ್ಕೆ ಜೋರಾಗಿ ಕೊಯ್ಯುತ್ತಿದೆ ಅಂತ ಅರ್ಥ. ನಮ್ಮಲ್ಲಿ ಜಾಸ್ತಿ ಕಾಣುವುದು ಇದೇ. ನೆಟ್ಟಗೆ ಹೊರಟು ಬಲಕ್ಕೆ ಬಾಗಿದರೆ ಫೇಸ್ ಗುರಿ ನೋಡುತ್ತಿದೆ, ದಾರಿ ಮಾತ್ರ ಎಡಕ್ಕಿದೆ. ಬಲಕ್ಕೇ ಹೊರಟು ಇನ್ನೂ ಬಲಕ್ಕೆ ಓಡಿದರೆ ಫೇಸ್ ಅಗಲ ತೆರೆದಿದೆ. ಈ ಮೂರನೆಯವರಿಗೆ ಗ್ರಿಪ್ (ಕ್ಲಬ್ ಹಿಡಿಯುವ ರೀತಿ) ಮತ್ತು ಮಣಿಕಟ್ಟು ಸರಿಮಾಡಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು. ಮೊದಲೆರಡು ಗುಂಪಿನವರೂ ಗ್ರಿಪ್‌ನಿಂದಲೇ ಶುರುಮಾಡಬೇಕು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಅದೇ ದಿನ ಇನ್ನೊಂದು ಪರೀಕ್ಷೆ ಮಾಡಿ. ಸ್ಕೂಲ್ ಬೋರ್ಡ್‌ಗೆ ಬಳಸುವ, ಅಳಿಸಬಹುದಾದ ಮಾರ್ಕರ್ ತೆಗೆದುಕೊಂಡು ಚೆಂಡಿನ ಹಿಂಬದಿಗೆ ಒಂದು ದಪ್ಪ ಚುಕ್ಕೆ ಇಡಿ. ಆ ಚುಕ್ಕೆ ಫೇಸ್ ಕಡೆ ಇರುವ ಹಾಗೆ ಟೀ (ಚೆಂಡು ಕೂರಿಸುವ ಸಣ್ಣ ಗೂಟ) ಮೇಲೆ ಕೂರಿಸಿ ಹೊಡೆಯಿರಿ. ಫೇಸ್ ಮೇಲೆ ಎಲ್ಲಿ ತಾಗಿತು ಅನ್ನುವ ಗುರುತು ಬೀಳುತ್ತದೆ. ಗುರುತು ಹೀಲ್ ಕಡೆ, ಅಂದರೆ ಶಾಫ್ಟ್ (ಕ್ಲಬ್‌ನ ಉದ್ದ ಕೋಲು) ಸೇರುವ ಕಡೆ ಬೀಳುತ್ತಿದ್ದರೆ ಅದೊಂದೇ ಸ್ಲೈಸ್‌ಗೆ ಸಾಕು. ಡ್ರೈವರ್ ಫೇಸ್ ಉಬ್ಬಿಕೊಂಡಿರುತ್ತದೆ. ಹೀಲ್‌ನಲ್ಲಿ ತಾಗಿದಾಗ ಕ್ಲಬ್‌ನ ತಲೆ ಸ್ವಲ್ಪ ತಿರುಗುತ್ತದೆ, ಚೆಂಡು ಹಲ್ಲುಚಕ್ರದ ಹಾಗೆ ಅದರ ಎದುರು ದಿಕ್ಕಿಗೆ ಸುತ್ತುತ್ತದೆ. ಆಗ ಬಲಕ್ಕೆ ಬಾಗುತ್ತದೆ. ಸ್ವಿಂಗ್ (ಕ್ಲಬ್ ಬೀಸುವ ಚಲನೆ) ಚೆನ್ನಾಗಿದ್ದರೂ ಇದು ಆಗುತ್ತದೆ. ನನ್ನ ಹತ್ತರಲ್ಲಿ ಏಳು ಗುರುತು ಹೀಲ್‌ನಲ್ಲೇ ಇದ್ದವು. ಚೆಂಡಿಗೆ ತೀರಾ ಹತ್ತಿರ ನಿಲ್ಲುತ್ತಿದ್ದೆ. ಒಂದು ಬೆರಳಗಲ ಹಿಂದಕ್ಕೆ ಸರಿದ ತಕ್ಷಣ ಬಾಗು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಈ ಪರೀಕ್ಷೆ ಮಾಡದೆ ಮುಂದಕ್ಕೆ ಹೋಗಬೇಡಿ.

ಗ್ರಿಪ್: ಕೈಯಲ್ಲಿರುವ ಬ್ಯಾಟನ್ನು ಕೆಳಗಿಡಿ

ನಮ್ಮ ಕಡೆ ಗಾಲ್ಫ್‌ಗೆ ಬರುವವರಲ್ಲಿ ಹೆಚ್ಚಿನವರು ಕ್ರಿಕೆಟ್ ಆಡಿಕೊಂಡು ಬಂದವರು. ಹುಡುಗರಾಗಿದ್ದಾಗ ಕಲಿತದ್ದು ಏನು? ಎಡ ಮೊಣಕೈ ಮೇಲೆ, ಬ್ಯಾಟ್ ನೆಟ್ಟಗೆ, ಬ್ಯಾಟಿನ ಮುಖ ಬೌಲರಿಗೆ ಕಾಣುತ್ತಿರಬೇಕು. ಚೆಂಡು ತಾಗಿದ ಮೇಲೂ ಮುಖ ತಿರುಗಬಾರದು. ಕ್ರಿಕೆಟ್‌ನಲ್ಲಿ ಅದು ಬಹಳ ಒಳ್ಳೆಯ ಪಾಠ. ಗಾಲ್ಫ್‌ನಲ್ಲಿ ಅದೇ ಪಾಠ ಫೇಸನ್ನು ತೆರೆದೇ ಇಡುತ್ತದೆ. ಇಲ್ಲಿ ಕ್ಲಬ್ ನಮ್ಮ ಸುತ್ತ ವಾಲಿದ ಚಕ್ರದ ಹಾಗೆ ಸುತ್ತುತ್ತದೆ. ಹಿಂದೆ ಹೋಗುವಾಗ ಫೇಸ್ ತಾನಾಗಿ ತೆರೆಯಬೇಕು, ಮುಂದೆ ಬರುವಾಗ ತಾನಾಗಿ ಮುಚ್ಚಬೇಕು. ಬಾಗಿಲಿನ ಹಾಗೆ. ನೆಟ್ಟಗೆ ಹಿಡಿದಿಟ್ಟ ಬಾಗಿಲು ಮುಚ್ಚುವುದಿಲ್ಲ.

ಇದನ್ನು ನನಗೆ ತೋರಿಸಿದವರು ಒಬ್ಬ ಹಿರಿಯ ಕ್ಯಾಡಿ (ಆಟಗಾರರ ಬ್ಯಾಗ್ ಹೊರುವವರು). ಬ್ಯಾಗ್ ಕೆಳಗಿಟ್ಟು, "ಸಾರ್, ಕ್ಲಬ್ ಹಿಡ್ಕೊಂಡು ಹಾಗೇ ನಿಲ್ಲಿ" ಅಂದರು. ನಿಂತೆ. ಮೇಲಿನಿಂದ ನನ್ನ ಎಡಗೈ ನೋಡಿದರು. "ಎಷ್ಟು ಗೆಣ್ಣು ಕಾಣುತ್ತೆ ನಿಮಗೆ?" ನೋಡಿದರೆ ಒಂದೇ ಒಂದು. "ಬ್ಯಾಟ್ ಹಿಡ್ದಂಗೆ ಹಿಡ್ದಿದೀರಿ ಸಾರ್" ಅಂದರು. ಜೇಬಿನಿಂದ ಬಾಲ್‌ಪೆನ್ ತೆಗೆದು, ನನ್ನ ಕೈಯನ್ನು ಕ್ಲಬ್ ಮೇಲೆ ಸರಿಯಾಗಿ ಕೂರಿಸಿ, ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಗ್ಲೌಸ್ ಮೇಲೆ ಒಂದು ಗೆರೆ ಎಳೆದರು. "ಈ ಗೆರೆ ಯಾವಾಗ್ಲೂ ನಿಮ್ ಬಲಭುಜ ನೋಡ್ತಿರ್ಬೇಕು." ಅಷ್ಟೇ ಹೇಳಿದ್ದು. ಎರಡು ವರ್ಷ ನಾನು ನೋಡಿದ ವಿಡಿಯೋಗಳೆಲ್ಲ ಆ ಒಂದು ಗೆರೆಗೆ ಸಮ ಇರಲಿಲ್ಲ.

ಹೀಗೆ ಮಾಡಿ. ಮೊದಲು ಕ್ಲಬ್ ನೆಲದ ಮೇಲಿಟ್ಟು ಫೇಸನ್ನು ಗುರಿಗೆ ನೇರ ಮಾಡಿ. ಕೈ ಇಡುವುದು ಆಮೇಲೆ. ಈ ಕ್ರಮ ಬಹಳ ಮುಖ್ಯ. ಕೈ ಹಿಡಿದ ಮೇಲೆ ಕ್ಲಬ್ ಸಮೇತ ತಿರುಗಿಸಿದರೆ ಗ್ರಿಪ್ ಬದಲಾದ ಹಾಗೆ ಕಾಣುತ್ತದೆ, ಆದರೆ ಏನೂ ಬದಲಾಗಿರುವುದಿಲ್ಲ. ಈಗ ಎಡಗೈ ಇಡಿ. ಹಿಡಿ ಅಂಗೈ ನಡುವೆ ಬರಬಾರದು, ಬೆರಳುಗಳ ಬುಡದಲ್ಲಿ ಓರೆಯಾಗಿ ಕೂರಬೇಕು. ಸರಿಯಾಗಿ ಕೂತಿದೆಯಾ ಅಂತ ನೋಡಲು ತೋರುಬೆರಳ ಕೊಕ್ಕೆಗೆ ಹಿಡಿಯನ್ನು ಸಿಕ್ಕಿಸಿ, ಅಂಗೈಯ ದಪ್ಪ ಭಾಗವನ್ನು ಅದರ ಮೇಲೆ ಒತ್ತಿ ಕ್ಲಬ್ ಎತ್ತಿ ನೋಡಿ. ನಿಂತರೆ ಸರಿ. ಮೇಲಿನಿಂದ ನೋಡಿದಾಗ ಎರಡರಿಂದ ಮೂರು ಗೆಣ್ಣು ಕಾಣಬೇಕು. ಹೆಬ್ಬೆರಳು ಹಿಡಿಯ ನಡುವೆ ಬೇಡ, ಸ್ವಲ್ಪ ಬಲಕ್ಕೆ ಇರಲಿ.

ಬಲಗೈಯನ್ನು ಪಕ್ಕದಿಂದ ತನ್ನಿ, ಮೇಲಿನಿಂದ ಬೇಡ. ಬಲಗೈಯ ಅಂಗೈ ಗುರಿಯ ಕಡೆ ನೋಡುತ್ತಿರಲಿ, ಎಡ ಹೆಬ್ಬೆರಳನ್ನು ಪೂರ್ತಿ ಮುಚ್ಚಲಿ. ಇಲ್ಲೂ ಹೆಬ್ಬೆರಳು-ತೋರುಬೆರಳ ಗೆರೆ ಬಲಭುಜದ ಕಡೆಗೇ ಇರಬೇಕು. ಎಷ್ಟು ಬಿಗಿ? ಖಾಲಿ ರಸ್ತೆಯಲ್ಲಿ ಸೈಕಲ್ ಹ್ಯಾಂಡಲ್ ಹಿಡಿದಷ್ಟು. ಗಟ್ಟಿಯಾಗಿ ಹಿಡಿದರೆ ಮುಂಗೈ ಕಲ್ಲಾಗುತ್ತದೆ, ಕಲ್ಲಾದ ಕೈ ತಿರುಗುವುದಿಲ್ಲ, ಫೇಸ್ ಮುಚ್ಚುವುದಿಲ್ಲ. ಸ್ಲೈಸ್‌ಗೆ ಹೆದರಿದಷ್ಟೂ ನಾವು ಬಿಗಿ ಹಿಡಿಯುತ್ತೇವೆ ಅನ್ನುವುದು ಗಮನದಲ್ಲಿರಲಿ.

ಹೊಸ ಗ್ರಿಪ್ ಎರಡು ಮೂರು ವಾರ ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗೆ ಇರುತ್ತದೆ. ಅದಕ್ಕೆ ಹೆದರಿ ಬಿಡಬೇಡಿ. ದಿನಾ ಐದು ನಿಮಿಷ ಮನೆಯಲ್ಲಿ ಸುಮ್ನೆ ಕ್ಲಬ್ ಹಿಡಿದು ಬಿಡಿ, ಹಿಡಿದು ಬಿಡಿ. ನಾನು ರಾತ್ರಿ ಟಿವಿಯಲ್ಲಿ ವಾರ್ತೆ ಬರುವಾಗ ಮಾಡುತ್ತಿದ್ದೆ. ಚೆಂಡು ಹೊಡೆಯಬೇಕಾಗಿಲ್ಲ. ಕೈಗೆ ರೂಢಿಯಾಗಬೇಕು, ಅಷ್ಟೇ.

ಗ್ರಿಪ್ ಮೊದಲು ಯಾಕೆ?

ಫೇಸ್ ತೆರೆದಿರುವ ತನಕ ನಿಮ್ಮ ಮೈ ಎಡಕ್ಕೆ ಕೊಯ್ಯುತ್ತಲೇ ಇರುತ್ತದೆ. ಚೆಂಡು ಬಲಕ್ಕೆ ಹೋಗುವುದನ್ನು ನೋಡಿ ನೋಡಿ ಮೈ ತಾನಾಗಿಯೇ ಎಡಕ್ಕೆ ಎಳೆಯುವುದನ್ನು ಕಲಿತಿರುತ್ತದೆ. ಮೊದಲೇ ದಾರಿ ಸರಿಮಾಡಲು ಹೋದರೆ, ಒಳಗಿನಿಂದ ಚೆನ್ನಾಗಿ ಬಂದ ಕ್ಲಬ್ ತೆರೆದ ಫೇಸ್‌ನಿಂದ ಚೆಂಡನ್ನು ಬಲಗಡೆ ಕಾಡಿಗೇ ಕಳಿಸುತ್ತದೆ. ಎರಡು ಚೆಂಡು ಹಾಗೆ ಹೋದರೆ ಮೂರನೆಯದಕ್ಕೆ ಯಾರಾದರೂ ಹಳೆ ಸ್ವಿಂಗ್‌ಗೇ ಮರಳುತ್ತಾರೆ. ಗ್ರಿಪ್ ಸರಿಯಾದ ಮೇಲೆ ಹಳೆ ದಾರಿಯಲ್ಲೇ ಹೊಡೆದರೆ ಚೆಂಡು ನೇರ ಎಡಕ್ಕೆ ಹೋಗುತ್ತದೆ, ಬಾಗದೆ. ಅದನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ, ಸಂತೋಷಪಡಿ. ಆಗ ಮಾತ್ರ ಮೈಗೆ ದಾರಿ ಬದಲಿಸಲು ಕಾರಣ ಸಿಗುತ್ತದೆ.

ನಿಲ್ಲುವುದು

ಇದು ಬೇಗ ಆಗುವ ಕೆಲಸ. ಎರಡು ಉದ್ದ ಕೋಲು ಬೇಕು. ಪರದೆಗೆ ಹಾಕುವ ಪ್ಲಾಸ್ಟಿಕ್ ರಾಡ್ ಆದರೂ ನಡೆಯುತ್ತದೆ. ಒಂದನ್ನು ಚೆಂಡಿನ ಆಚೆ ಗುರಿಗೆ ನೇರ ಇಡಿ, ಇನ್ನೊಂದನ್ನು ಅದಕ್ಕೆ ಸಮವಾಗಿ ನಿಮ್ಮ ಕಾಲ್ಬೆರಳ ಮುಂದೆ ಇಡಿ. ಮೊದಲ ದಿನ ಗುರಿಯಿಂದ ಪೂರಾ ಬಲಕ್ಕೆ ತಿರುಗಿ ನಿಂತ ಹಾಗೆ ಅನ್ನಿಸುತ್ತದೆ. ಕೋಲು ಸುಳ್ಳು ಹೇಳುವುದಿಲ್ಲ, ಅದನ್ನೇ ನಂಬಿ.

ಪಾದಕ್ಕಿಂತ ಭುಜ ಮುಖ್ಯ. ಡ್ರೈವರ್‌ಗೆ ಚೆಂಡು ಎಡ ಹಿಮ್ಮಡಿಯ ಒಳಗೆರೆಗೆ ನೇರ ಇರಬೇಕು. ಅಷ್ಟು ಮುಂದಿರುವ ಚೆಂಡಿಗೆ ಬಲಗೈ ಚಾಚಿದಾಗ ಬಲಭುಜ ಮುಂದಕ್ಕೆ ಬಂದು ಭುಜಗಳು ಎಡಕ್ಕೆ ತೆರೆಯುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ. ಅದಕ್ಕೆ ಮದ್ದು: ಎಡಗೈಯಲ್ಲಿ ಕ್ಲಬ್ ಹಿಡಿದು, ಬಲಭುಜವನ್ನು ಸ್ವಲ್ಪ ಕೆಳಗೆ ಇಳಿಸಿ, ಆಮೇಲೆ ಬಲಗೈ ಸೇರಿಸಿ. ಎದೆ ಮೇಲೆ ಅಡ್ಡಲಾಗಿ ಕ್ಲಬ್ ಇಟ್ಟುಕೊಂಡು ಅದು ಎಲ್ಲಿ ನೋಡುತ್ತಿದೆ ಅಂತ ಪರೀಕ್ಷಿಸಿ. ಟೀ ಎತ್ತರ ಚೆಂಡಿನ ಅರ್ಧ ಭಾಗ ಡ್ರೈವರಿನ ತಲೆಗಿಂತ ಮೇಲೆ ಕಾಣುವಷ್ಟು ಇರಲಿ. ತಗ್ಗಿಸಿದರೆ ಮೇಲಿನಿಂದ ಕಡಿಯುವ ಮನಸ್ಸಾಗುತ್ತದೆ.

ಮೇಲೆ ಹೋದಾಗ ಮಣಿಕಟ್ಟು

ಕ್ಲಬ್ ಹಿಂದಕ್ಕೆ ಪೂರ್ತಿ ಎತ್ತಿದಾಗ ಎಡ ಮಣಿಕಟ್ಟು ಹಿಂದಕ್ಕೆ ಮಡಿಚಿಕೊಂಡರೆ, ಅಂದರೆ ಕೈಯ ಹಿಂಬದಿ ಮುಂಗೈ ಕಡೆಗೆ ಬಾಗಿದರೆ, ಫೇಸ್ ತೆರೆದುಕೊಳ್ಳುತ್ತದೆ. ಮಕ್ಕಳ ಜಾಮಿಟ್ರಿ ಬಾಕ್ಸಿನ 15 ಸೆಂ.ಮೀ. ಸ್ಕೇಲನ್ನು ಗ್ಲೌಸಿನ ಒಳಗೆ, ಕೈಯ ಹಿಂಬದಿಗೆ ಸಿಕ್ಕಿಸಿ ನಿಧಾನವಾಗಿ ಕ್ಲಬ್ ಎತ್ತಿ. ಚೆಂಡು ಬೇಡ. ಮಣಿಕಟ್ಟು ಮಡಿಚಿದ ತಕ್ಷಣ ಸ್ಕೇಲ್ ಮುಂಗೈಗೆ ಚುಚ್ಚಿ ಹೇಳುತ್ತದೆ. ಸ್ಕೇಲ್ ಮುಂಗೈ ಮೇಲೆ ಸಪಾಟಾಗಿ ಮಲಗಿದ್ದರೆ ಸರಿ.

ಹಿಂಬದಿಯಿಂದ ಫೋನಿನಲ್ಲಿ ಒಂದು ವಿಡಿಯೋ ಕೂಡ ತೆಗೆಸಿಕೊಳ್ಳಿ. ಮೇಲೆ ನಿಂತ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಫೇಸ್ ಎಡ ಮುಂಗೈಗೆ ಸಮವಾಗಿ ಓರೆಯಾಗಿದ್ದರೆ ಒಳ್ಳೆಯದು. ಟೋ (ಕ್ಲಬ್ ತಲೆಯ ಹೊರತುದಿ, ಹೀಲ್‌ನ ಎದುರು ಕಡೆ) ನೆಲ ನೋಡುತ್ತಾ ತೂಗಾಡುತ್ತಿದ್ದರೆ ಫೇಸ್ ತೆರೆದಿದೆ. ಫೇಸೇ ಆಕಾಶ ನೋಡುತ್ತಿದ್ದರೆ ಮುಚ್ಚಿದೆ. ಸ್ಲೈಸ್‌ನವರು ಸ್ವಲ್ಪ ಮುಚ್ಚಿದ ಕಡೆಗಿದ್ದರೂ ಪರವಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅರ್ಧ ಸ್ವಿಂಗ್, 7 ಐರನ್

ಡ್ರೈವರ್ ಬ್ಯಾಗಿನಲ್ಲೇ ಇರಲಿ. 7 ಐರನ್ (ಮಧ್ಯಮ ದೂರದ ಐರನ್) ತೆಗೆದುಕೊಳ್ಳಿ. ಕ್ಲಬ್ ಸೊಂಟದ ಎತ್ತರಕ್ಕೆ ಹೋಗಬೇಕು, ಆ ಕಡೆ ಸೊಂಟದ ಎತ್ತರಕ್ಕೆ ಬಂದು ನಿಲ್ಲಬೇಕು. ಅಷ್ಟೇ ಸ್ವಿಂಗ್. ಹಿಂದೆ ಹೋದಾಗ ಟೋ ಆಕಾಶ ನೋಡಬೇಕು. ಹೊಡೆದು ಮುಂದೆ ಬಂದಾಗ ಮತ್ತೆ ಟೋ ಆಕಾಶ ನೋಡಬೇಕು. ಮುಂದೆ ಬಂದು ನಿಂತಾಗ ಟೋ ಬದಲು ಫೇಸೇ ಆಕಾಶ ನೋಡುತ್ತಿದ್ದರೆ ಕೈ ತಿರುಗಿಲ್ಲ, ಬ್ಯಾಟಿನ ಪಾಠ ಇನ್ನೂ ಉಳಿದಿದೆ. ಎಡ ಮುಂಗೈ ಮೆಲ್ಲಗೆ ತಿರುಗಿ ಕೈಗಡಿಯಾರದ ಮುಖ ನೆಲದ ಕಡೆ ಹೋಗುವ ಹಾಗೆ ಅನ್ನಿಸಬೇಕು.

ಇಲ್ಲೇ ಜಾಸ್ತಿ ಹೊತ್ತು ನಿಲ್ಲಿ. ನಾನು ಆರು ಭಾನುವಾರ ಇದನ್ನೇ ಮಾಡಿದೆ. ಒಂದು ಗುರಿ ಇಟ್ಟುಕೊಳ್ಳಿ: ಬೇಕು ಅಂತಲೇ ಚೆಂಡನ್ನು ಎಡಕ್ಕೆ ಬಾಗಿಸುವುದು. ನೆಟ್ಟಗೆ ಹೊಡೆಯಲು ನೋಡಬೇಡಿ, ಎಡಕ್ಕೆ ಬಾಗಿಸಿ. ವರ್ಷಗಟ್ಟಲೆ ಬಲಕ್ಕೆ ಮಾತ್ರ ಬಾಗಿಸಿದವರಿಗೆ ನೆಟ್ಟಗೆ ಅನ್ನುವುದು ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ. ಎರಡೂ ಕಡೆ ಮುಟ್ಟಿ ಬಂದರೆ ನಡುವು ಸಿಗುತ್ತದೆ. ನನ್ನ ಮೊದಲ ಎಡಬಾಗಿನ ಚೆಂಡು ನೂರು ಗಜ ಕೂಡ ಹೋಗಲಿಲ್ಲ, ತಗ್ಗಿನಲ್ಲೇ ಹಾರಿ ಕೊನೆಯಲ್ಲಿ ಎಡಕ್ಕೆ ಸಣ್ಣಗೆ ತಿರುಗಿತು. ಆ ತಿರುವು ಈಗಲೂ ಕಣ್ಣ ಮುಂದಿದೆ. ಕೈಗೆ ತಾಗಿದ ಸದ್ದೇ ಬೇರೆ ಇತ್ತು, ಚಟ್ ಅನ್ನುವ ಬದಲು ಧಪ್ ಅಂತ.

ಈಗ ದಾರಿ

ಮೇಲಿನಿಂದ ಕೆಳಗೆ ಬರುವಾಗ ಬಲಭುಜ ಮೊದಲು ಮುಂದಕ್ಕೆ ನುಗ್ಗಿದರೆ ಕ್ಲಬ್ ಹೊರಗೆ ಹೋಗಿ ಒಳಕ್ಕೆ ಕೊಯ್ಯುತ್ತದೆ. ಸೌದೆ ಒಡೆಯುವ ಚಲನೆ ಅದು. ಬೇಕಾದದ್ದು ಬೇರೆ ಚಲನೆ. ಊರ ಕೆರೆ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಕುಪ್ಪಳಿಸುವ ಹಾಗೆ ಎಸೆದಿದ್ದೀರಲ್ವಾ? ಆಗ ಬಲ ಮೊಣಕೈ ಪಕ್ಕೆಗೆ ಹತ್ತಿರ ಬರುತ್ತದೆ, ಭುಜ ತಗ್ಗುತ್ತದೆ, ಕೈ ಕೆಳಗಿನಿಂದ ಹೊರಕ್ಕೆ ಬೀಸುತ್ತದೆ. ಮೊದಲು ಸೊಂಟ ತಿರುಗುತ್ತದೆ, ಕೈ ಹಿಂದಿನಿಂದ ಬರುತ್ತದೆ. ಅದೇ ಬೇಕು. ಚೆಂಡಿನ ಮುಂದೆ ನಿಂತು ಕ್ಲಬ್ ಇಲ್ಲದೆ ಹತ್ತು ಸಲ ಹಾಗೆ ಬೀಸಿ.

ಆಮೇಲೆ ಖಾಲಿ ನೀರಿನ ಬಾಟಲಿ ಒಂದನ್ನು ಚೆಂಡಿನಿಂದ ಒಂದಡಿ ಹಿಂದೆ, ಗುರಿಯ ಗೆರೆಗಿಂತ ನಾಲ್ಕು ಬೆರಳು ಆಚೆ ಮಲಗಿಸಿ. ಕ್ಲಬ್ ಹೊರಗಿನಿಂದ ಬಂದರೆ ಬಾಟಲಿಗೆ ತಾಗುತ್ತದೆ. ಒಳಗಿನಿಂದ ಬಂದರೆ ತಾಗುವುದಿಲ್ಲ. ಅರ್ಧ ಸ್ವಿಂಗ್‌ನಿಂದ ಶುರುಮಾಡಿ, ಸರಿಹೋದ ಮೇಲೆ ಮುಕ್ಕಾಲು. ಕ್ಲಬ್ ಬರುವ ದಾರಿ ಸರಿಯಾದಂತೆ ಹೀಲ್‌ನಲ್ಲಿ ತಾಗುವುದೂ ಕಡಿಮೆಯಾಗುತ್ತದೆ. ಬಾಟಲಿ ಬಿಡದೆ ತಾಗುತ್ತಿದ್ದರೆ ಬಲಗಾಲನ್ನು ಒಂದು ಪಾದದಷ್ಟು ಹಿಂದಕ್ಕೆ ಇಟ್ಟು ಹೊಡೆಯಿರಿ. ಮೈ ಆಗ ನುಗ್ಗಲು ಜಾಗವೇ ಇರುವುದಿಲ್ಲ.

ಮನೆಯಲ್ಲಿ ಮಾಡಬಹುದಾದ್ದು ಒಂದಿದೆ. ಮಂಡ್ಯದಲ್ಲಿ ವಾರವಿಡೀ ನನಗೆ ಉಳಿದದ್ದು ಅದೊಂದೇ. ಡ್ರೈವರ್ ತಿರುಗಿಸಿ ತಲೆಯ ಕಡೆ ಹಿಡಿದು ಗಾಳಿಯಲ್ಲಿ ಬೀಸಿ. ಸುಯ್ ಅನ್ನುವ ಸದ್ದು ಎಲ್ಲಿ ಜೋರಾಗಿ ಕೇಳುತ್ತದೆ ಗಮನಿಸಿ. ಬಲಭುಜದ ಹತ್ತಿರವೇ ಕೇಳಿದರೆ ಶಕ್ತಿಯನ್ನೆಲ್ಲ ಮೇಲೇ ಸುರಿದುಬಿಟ್ಟಿದ್ದೀರಿ. ಚೆಂಡು ಇರಬೇಕಾದ ಜಾಗ ದಾಟಿದ ಮೇಲೆ ಕೇಳಬೇಕು. ಅಂಗಳದಲ್ಲಿ ಯಾರೂ ಹತ್ತಿರ ಇಲ್ಲದಾಗ ಮಾತ್ರ ಮಾಡಿ.

ಜೋರಾಗಿ ಹೊಡೆಯುವ ಆಸೆ

ಟೋಕಿಯೋ ಒಲಿಂಪಿಕ್ಸ್‌ನಲ್ಲಿ, 2021ರಲ್ಲಿ, ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ಬಂದಾಗ ನಾವೆಲ್ಲ ಬೆಳಗಿನ ಜಾವ ಎದ್ದು ನೋಡಿದೆವು. ದೂರ ಹೊಡೆಯುವುದರಲ್ಲಿ ಹೆಸರಾದವರಲ್ಲ ಅವರು. ಎದುರಿಗಿದ್ದವರು ಅವರಿಗಿಂತ ಎಷ್ಟೋ ಗಜ ಮುಂದೆ ಹೊಡೆಯುತ್ತಿದ್ದರು. ಆದರೂ ಅವರು ಪದಕದ ಹತ್ತಿರಕ್ಕೆ ಬಂದರು. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಗೇಮ್ಸ್‌ಗೆ ಹೋದ ಭಾರತದ ಮಹಿಳಾ ತಂಡದಲ್ಲಿ ಅವರ ಜೊತೆ ನಮ್ಮ ಮೈಸೂರಿನ ಪ್ರಣವಿ ಅರಸ್ ಕೂಡ ಇದ್ದರು. ಇವರ ಸ್ವಿಂಗ್ ವಿಡಿಯೋಗಳನ್ನು ನಿಧಾನಗತಿಯಲ್ಲಿ ನೋಡಿ. ಗಂಡಸರು ಜಾಸ್ತಿ ನೋಡಬೇಕು. ಕೊನೆ ತನಕ ಸಮತೋಲ ತಪ್ಪದೆ ನಿಲ್ಲುತ್ತಾರೆ. ಸ್ಲೈಸ್ ಇರುವವರು ಜೋರಾಗಿ ಹೊಡೆದಷ್ಟೂ ಚೆಂಡು ಇನ್ನೂ ದೂರದ ಕಾಡಿಗೆ ಹೋಗುತ್ತದೆ. ಡ್ರೈವರ್ ಮತ್ತೆ ಕೈಗೆತ್ತಿಕೊಂಡ ಮೇಲೆ ಒಂದು ತಿಂಗಳು ನಿಮ್ಮ ಶಕ್ತಿಯ ಮುಕ್ಕಾಲು ಪಾಲು ಮಾತ್ರ ಬಳಸಿ.

ಕ್ಲಬ್ ಬದಲಿಸಬೇಕಾ?

ಮೊದಲೇ ಬೇಡ. ಇಷ್ಟೆಲ್ಲ ಮಾಡಿದ ಮೇಲೆ ನೋಡಬಹುದು. 9 ಡಿಗ್ರಿ ಡ್ರೈವರ್ ಇದ್ದರೆ 11 ಅಥವಾ 12 ಡಿಗ್ರಿಯದು ಸಹಾಯ ಮಾಡುತ್ತದೆ, ಕಾರಣ ಆಗಲೇ ಹೇಳಿದೆ. ತೀರಾ ಗಡಸು ಶಾಫ್ಟ್, ಕೈಗೆ ದಪ್ಪವಾದ ಹಿಡಿ ಇವೆರಡೂ ಫೇಸ್ ಮುಚ್ಚುವುದಕ್ಕೆ ಅಡ್ಡಿಯಾಗಬಹುದು. ಕುತ್ತಿಗೆಯಲ್ಲಿ ತಿರುಪು ಇರುವ ಡ್ರೈವರ್ ಆದರೆ ಡ್ರಾ (ಎಡಕ್ಕೆ ಬಾಗಿಸುವ) ಕಡೆಗೆ ಇಟ್ಟುಕೊಳ್ಳಿ.

ಅಲ್ಲಿಯ ತನಕ ಆಟಕ್ಕೆ ಹೋದಾಗ

ರೇಂಜ್‌ನಲ್ಲಿ ಕಲಿಯುತ್ತಿರುವುದನ್ನು ಪಂದ್ಯದ ದಿನ ಯೋಚಿಸಬೇಡಿ. ಆ ದಿನ ಗ್ರಿಪ್ ಒಂದನ್ನು ನೋಡಿಕೊಳ್ಳಿ, ಉಳಿದದ್ದು ಬಿಡಿ. ಬಲಗಡೆ ಅಪಾಯ ಇರುವ ಹೋಲ್‌ನಲ್ಲಿ ಡ್ರೈವರ್ ಬದಲು 5 ವುಡ್ ಅಥವಾ 5 ಐರನ್ (ಡ್ರೈವರ್‌ಗಿಂತ ಕಡಿಮೆ ದೂರದ ಕ್ಲಬ್‌ಗಳು) ತೆಗೆದುಕೊಳ್ಳಿ. ಮುಂಗಾರಿನ ಗಾಳಿ ಎದುರಿನಿಂದ ಬೀಸುತ್ತಿದ್ದರೆ ಬಾಗು ಇನ್ನೂ ಜಾಸ್ತಿ ಆಗುತ್ತದೆ, ಆಗ ಒಂದು ಕ್ಲಬ್ ದೊಡ್ಡದು ತೆಗೆದು ಮೆಲ್ಲಗೆ ಹೊಡೆಯಿರಿ. ಚೆಂಡು ಕಳೆದುಹೋಗಿರಬಹುದು ಅನ್ನಿಸಿದರೆ ಪ್ರೊವಿಶನಲ್ (ತಾತ್ಕಾಲಿಕ ಚೆಂಡು) ಅಂತ ಹೇಳಿ ಇನ್ನೊಂದು ಹೊಡೆದೇ ಮುಂದೆ ಹೋಗಿ. 2019ರ ನಿಯಮದ ಪ್ರಕಾರ ಹುಡುಕಲು ಸಿಗುವುದು 3 ನಿಮಿಷ ಮಾತ್ರ. ಪಕ್ಕದ ಫೇರ್‌ವೇ ಕಡೆ ಚೆಂಡು ಬಾಗುತ್ತಿದೆ ಅಂತ ಕಂಡ ಕೂಡಲೇ ಗಟ್ಟಿಯಾಗಿ "ಫೋರ್" ಅಂತ ಕೂಗಿ. ಚೆಂಡಿನ ತೂಕ 46 ಗ್ರಾಂ ಒಳಗೇ ಇದ್ದರೂ ತಲೆಗೆ ಬಿದ್ದರೆ ಜೀವಕ್ಕೇ ಅಪಾಯ. ಕೂಗಲು ಸಂಕೋಚ ಬೇಡ.

ಕೆಲವು ತಿಂಗಳ ನಂತರ ಚೆಂಡು ಎಡಕ್ಕೆ ಜಾಸ್ತಿ ಬಾಗಲು ಶುರುವಾದರೆ ಗೆಣ್ಣು ಎಣಿಸಿ ನೋಡಿ. ಮೂರಕ್ಕಿಂತ ಜಾಸ್ತಿ ಕಂಡರೆ ಎಡಗೈಯನ್ನು ಒಂಚೂರು ಎಡಕ್ಕೆ ತಿರುಗಿಸಿ. ಮಳೆಗಾಲದಲ್ಲಿ ಆಟ ನಿಂತು ಎರಡು ತಿಂಗಳ ಮೇಲೆ ಹೋದಾಗ ಸ್ಲೈಸ್ ಮತ್ತೆ ಬಂದರೆ ಗಾಬರಿಯಾಗಬೇಡಿ. ನನಗೂ ಪ್ರತಿ ವರ್ಷ ಬರುತ್ತದೆ, ಪ್ರತಿ ಸಲವೂ ಕೈ ಹಳೆ ಬ್ಯಾಟಿನ ಹಿಡಿತಕ್ಕೇ ಜಾರಿರುತ್ತದೆ. ಗ್ಲೌಸ್ ಹರಿದು ಹೊಸದು ಕೊಂಡ ದಿನ, ಚೆಂಡು ಹೊಡೆಯುವ ಮುಂಚೆ, ಬಾಲ್‌ಪೆನ್ ತೆಗೆದು ಆ ಗೆರೆಯನ್ನು ಅದರ ಮೇಲೂ ಎಳೆದುಕೊಳ್ಳಿ.